ಹಳೆಯ ಕನ್ನಡ ಕಡತಗಳಿಗೆ ಯುನಿಕೋಡ್ ರೂಪ: ಮುಕ್ತ ತಂತ್ರಾಂಶದ ದಾರಿ

ಬೆಳಗಾವಿ ಜಿಲ್ಲೆಯ ರಾಯಬಾಗ ಸೀಮೆಯ ಪಾಲಬಾವಿ ಎಂಬ ಊರಿನ ಹೆಸರನ್ನು ಇಪ್ಪತ್ತು ವರ್ಷ ಹಿಂದಿನ ಕನ್ನಡ ಕಡತಗಳಲ್ಲಿ ಹುಡುಕಿದರೆ, ಇಂದಿನ ಗಣಕಯಂತ್ರ ಬಹುಪಾಲು ಸಂದರ್ಭಗಳಲ್ಲಿ ಸಿಗಲಿಲ್ಲ ಎಂದೇ ಉತ್ತರಿಸುತ್ತದೆ. ಕಡತ ಭದ್ರವಾಗಿರುತ್ತದೆ, ಅದರೊಳಗೆ ಊರಿನ ಹೆಸರೂ ಇರುತ್ತದೆ. ಆದರೆ ಅದು ಕನ್ನಡ ಎಂಬುದೇ ಯಂತ್ರಕ್ಕೆ ತಿಳಿದಿರುವುದಿಲ್ಲ. ಪಂಚಾಯಿತಿ, ಸಹಕಾರಿ ಸಂಘ, ಶಾಲೆ, ಪತ್ರಿಕಾ ಕಚೇರಿಗಳ ಗಣಕ ವ್ಯವಸ್ಥೆ ನೋಡಿಕೊಳ್ಳುವವರ ಮುಂದಿರುವ ಈ ಸಮಸ್ಯೆಗೆ ಮುಕ್ತ ತಂತ್ರಾಂಶಗಳಲ್ಲಿ ಖರ್ಚಿಲ್ಲದ ಪರಿಹಾರವಿದೆ.

ಸಮಸ್ಯೆಯ ಮೂಲ

1990ರ ದಶಕದಲ್ಲಿ ಮತ್ತು 2000ದ ನಂತರದ ಹಲವು ವರ್ಷ ಕನ್ನಡ ಬೆರಳಚ್ಚು ನಡೆದದ್ದು ಫಾಂಟ್ ಆಧಾರಿತ ಸಂಕೇತಗಳಲ್ಲಿ. ಶ್ರೀಲಿಪಿ, ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದವು ಕನ್ನಡವನ್ನು ಗಣಕಕ್ಕೆ ತಂದು ದೊಡ್ಡ ಉಪಕಾರ ಮಾಡಿದವು. ಆದರೆ ಆ ವಿಧಾನದಲ್ಲಿ ಕಡತದೊಳಗೆ ಸೇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಫಾಂಟ್ ಕನ್ನಡದ ಚಿತ್ರ ತೊಡಿಸುತ್ತಿತ್ತು. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರದಿಂದ ಆರಂಭವಾಗುವ ಅರ್ಥವಿಲ್ಲದ ಸಾಲಾಗಿ ಕಾಣುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಂಥ ಗಡಿ ತಾಲ್ಲೂಕುಗಳಲ್ಲಿ ಈ ತೊಡಕು ಇಮ್ಮಡಿ. ಇಲ್ಲಿ ಕನ್ನಡದ ಜತೆಗೆ ಮರಾಠಿ ಬರಹವೂ ಬಳಕೆಯಲ್ಲಿದೆ. ಹಳೆಯ ವಿಧಾನದಲ್ಲಿ ಒಂದೇ ಸಂಕೇತ ಕನ್ನಡ ಫಾಂಟಿನಲ್ಲಿ ಒಂದು ಅಕ್ಷರ, ದೇವನಾಗರಿ ಫಾಂಟಿನಲ್ಲಿ ಇನ್ನೊಂದು ಅಕ್ಷರ. ಫಾಂಟಿನ ಹೆಸರು ಅಳಿಸಿಹೋದರೆ ಯಾವುದು ಯಾವ ಭಾಷೆ ಎಂದು ಬೇರ್ಪಡಿಸುವುದೇ ಕಷ್ಟ. ಯುನಿಕೋಡ್‌ನಲ್ಲಿ ಎರಡೂ ಲಿಪಿಗಳಿಗೆ ಪ್ರತ್ಯೇಕ ನೆಲೆಗಳಿರುವುದರಿಂದ ಗೊಂದಲಕ್ಕೆ ಎಡೆಯಿಲ್ಲ.

ಮೊದಲ ಹೆಜ್ಜೆ: ಮೂಲ ಪ್ರತಿಯ ರಕ್ಷಣೆ

ಪರಿವರ್ತನೆಗೆ ಕೈಹಾಕುವ ಮುನ್ನ ಮೂಲ ಕಡತಗಳನ್ನು ಆರ್‌ಸಿಂಕ್ ಮೂಲಕ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಶಾ-256 ಮೊತ್ತಗಳ ಪಟ್ಟಿ ತೆಗೆದಿಡಬೇಕು. ಆ ಪ್ರತಿಯನ್ನು ಓದಲಷ್ಟೇ ಅನುಮತಿಸಬೇಕು. ಹಳೆಯ ಫಾಂಟ್ ಕಡತಗಳನ್ನೂ ಜತೆಯಲ್ಲೇ ಇಡುವುದು ಅಗತ್ಯ. ಫಾಂಟ್ ಕಳೆದುಹೋದರೆ ಕಡತವನ್ನು ಓದುವ ಕೀಲಿಕೈಯೇ ಕಳೆದಂತೆ.

ಎರಡನೆಯ ಹೆಜ್ಜೆ: ಪರಿವರ್ತನೆ

ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪೊಂದಿದೆ. ಲಿನಕ್ಸ್‌ನ ಐಕಾನ್ವ್ ಆದೇಶದಿಂದ ಕಡತವನ್ನು ಯುಟಿಎಫ್-8ಕ್ಕೆ ಬದಲಿಸಿದರೆ ಕೆಲಸ ಮುಗಿಯಿತು ಎಂದು ಭಾವಿಸುವುದು. ಐಕಾನ್ವ್‌ಗೆ ನುಡಿಯ ಸಂಕೇತಗಳ ಪರಿಚಯವಿಲ್ಲ. ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳನ್ನೇ ಯುಟಿಎಫ್-8ರಲ್ಲಿ ಬರೆದುಕೊಡುತ್ತದೆ. ಇದಕ್ಕೆ ಅಕ್ಷರ ಜೋಡಣೆಯನ್ನು ಅರಿತ ಪರಿವರ್ತಕವೇ ಬೇಕು. ಕನ್ನಡದ ಮುಕ್ತ ತಂತ್ರಾಂಶ ಕಾರ್ಯಕರ್ತರು ರೂಪಿಸಿದ ಇಂಥ ಪರಿವರ್ತಕಗಳು ಮೂಲಸಂಕೇತದೊಡನೆ ಲಭ್ಯವಿವೆ.

‘ಸೂರ್ಯ’ ಪದ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಸಂಕೇತದಲ್ಲಿ ಮೊದಲು ‘ಯ’, ಅದರ ನಂತರ ಅರ್ಕಾವತ್ತು. ಯುನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ‘ರ’, ಹಲಂತ, ‘ಯ’. ಪರಿವರ್ತಕವು ಈ ಕ್ರಮವನ್ನು ತಿರುಗಿಸಬೇಕು. ಆದ್ದರಿಂದ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳಿರುವ ನೂರಾರು ಪದಗಳ ಪಟ್ಟಿಯೊಂದನ್ನು ಮೊದಲೇ ಸಿದ್ಧಪಡಿಸಿ ಪರೀಕ್ಷಿಸುವುದು ಕ್ಷೇಮ.

ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಿ ಕೆಡುತ್ತವೆ. ಇದನ್ನು ತಪ್ಪಿಸಲು ಕಡತವನ್ನು ಲಿಬ್ರೆ ಆಫೀಸ್ ಮೂಲಕ ಒಡಿಟಿ ರೂಪಕ್ಕೆ ತರಬೇಕು. ಪರದೆಯ ನೆರವಿಲ್ಲದೆ ಆದೇಶದ ಮೂಲಕವೇ ಸಾವಿರಾರು ಕಡತಗಳನ್ನು ಹೀಗೆ ಬದಲಿಸಬಹುದು. ಒಡಿಟಿ ಎಂಬುದು ಎಕ್ಸ್‌ಎಂಎಲ್ ಕಡತಗಳ ಜಿಪ್ ಕಟ್ಟು. ಯಾವ ಭಾಗಕ್ಕೆ ಯಾವ ಫಾಂಟ್ ಎಂಬ ವಿವರ ಅದರೊಳಗೆ ಉಳಿಯುವುದರಿಂದ ಕನ್ನಡದ ಭಾಗವನ್ನಷ್ಟೇ ಆರಿಸಿ ಪರಿವರ್ತಿಸಬಹುದು.

ಮೂರನೆಯ ಹೆಜ್ಜೆ: ಸರ್ವರಿನ ಸಿದ್ಧತೆ

‘ಪಾಲಬಾವಿ’ ಓದುಗರಿಗೆ 4 ಅಕ್ಷರ, ಯುನಿಕೋಡ್‌ಗೆ 7 ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಕನ್ನಡದ ಪ್ರತಿ ಸಂಕೇತವೂ 3 ಬೈಟ್ ಬೇಡುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ-4 ಕಡತ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ ಇರುವುದರಿಂದ ಕನ್ನಡದ ಹೆಸರು 85 ಸಂಕೇತಗಳನ್ನು ಮೀರುವಂತಿಲ್ಲ. ಉದ್ದನೆಯ ಸುದ್ದಿ ಶೀರ್ಷಿಕೆಯನ್ನೇ ಕಡತದ ಹೆಸರಾಗಿಸುವ ಕಚೇರಿಗಳು ಇದನ್ನು ಗಮನಿಸಬೇಕು.

ಮೈಎಸ್‌ಕ್ಯುಎಲ್ ದತ್ತಸಂಚಯದಲ್ಲಿ ‘ಯುಟಿಎಫ್8ಎಂಬಿ4’ ಆಯ್ಕೆ ಸೂಕ್ತ. 2018ರಲ್ಲಿ ಬಂದ 8.0 ಆವೃತ್ತಿಯಿಂದ ಅದೇ ಸಹಜ ಆಯ್ಕೆ. ಪೋಸ್ಟ್‌ಗ್ರೆಸ್ ಬಳಸುವವರು ಮತ್ತೊಂದು ಎಚ್ಚರ ವಹಿಸಬೇಕು. ಅದೇ ವರ್ಷದ ಜಿಲಿಬ್‌ಸಿ 2.28 ಆವೃತ್ತಿಯಲ್ಲಿ ಪದಗಳ ಅನುಕ್ರಮದ ನಿಯಮಗಳು ಬದಲಾದವು. ಹಳೆಯ ಲಿನಕ್ಸ್‌ನಿಂದ ದತ್ತಾಂಶವನ್ನು ಹಾಗೆಯೇ ಎತ್ತಿ ಹೊಸದಕ್ಕೆ ತಂದಾಗ ಸೂಚಿಗಳನ್ನು ಮರುನಿರ್ಮಿಸದಿದ್ದರೆ ಇರುವ ದಾಖಲೆಯೂ ಹುಡುಕಾಟದಲ್ಲಿ ತಪ್ಪಿಹೋಗಬಹುದು.

ಇನ್ನೊಂದು ಸೂಕ್ಷ್ಮವೆಂದರೆ ದೀರ್ಘಸ್ವರ ಚಿಹ್ನೆ. ‘ಕೀ’ ಎಂಬುದರ ದೀರ್ಘವನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ದತ್ತಸಂಚಯಕ್ಕೆ ಸೇರಿಸುವ ಮುನ್ನ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದರೆ ಈ ತೊಂದರೆ ಇರದು.

ಬಳಕೆದಾರರ ಮೇಜಿನ ಮೇಲೆ

ಸಿಬ್ಬಂದಿ ಹೊಸ ಕೀಲಿಮಣೆ ಕಲಿಯಬೇಕಾಗಿಲ್ಲ. ಐಬಸ್ ಮತ್ತು ಎಂ17ಎನ್ ತಂತ್ರಾಂಶಗಳಲ್ಲಿ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸವೇ ಇದೆ. ನುಡಿಗೆ ಒಗ್ಗಿದ ಬೆರಳುಗಳು ಲಿನಕ್ಸ್‌ನಲ್ಲೂ ಅದೇ ವೇಗದಲ್ಲಿ ಯುನಿಕೋಡ್ ಬರೆಯಬಲ್ಲವು. ಮುಕ್ತ ಪರವಾನಗಿಯ ಲೋಹಿತ್ ಕನ್ನಡ, ನವಿಲು, ಗುಬ್ಬಿ ಫಾಂಟ್‌ಗಳು ಲಭ್ಯವಿವೆ.

ಪರಿವರ್ತನೆ ಮುಗಿದ ಮೇಲೂ ಮೂಲ ಕಡತಗಳನ್ನು ಅಳಿಸಬಾರದು. ಪರಿವರ್ತಕದ ದೋಷ ವರ್ಷಗಳ ನಂತರ ಕಾಣಿಸಿಕೊಂಡರೂ ಮೂಲವಿದ್ದರೆ ತಿದ್ದಬಹುದು. ಊರಿನ ಠರಾವು, ಶಾಲೆಯ ದಾಖಲಾತಿ, ಪತ್ರಿಕೆಯ ಹಳೆಯ ಸಂಚಿಕೆ ಇವೆಲ್ಲ ಮತ್ತೊಮ್ಮೆ ಬರೆಯಲಾಗದ ದಾಖಲೆಗಳು. ಅವುಗಳನ್ನು ತೆರೆಯಬಲ್ಲ ಹಳೆಯ ಯಂತ್ರಗಳು ಒಂದೊಂದಾಗಿ ಗುಜರಿ ಸೇರುತ್ತಿರುವಾಗ, ಈ ಕೆಲಸವನ್ನು ಮುಂದೂಡಿದಷ್ಟೂ ನಷ್ಟವೇ ಹೆಚ್ಚು.