ಪ್ರಾಣಿದೇಹದಲ್ಲಿ ಶಾಖ ಸಂಚಾರ

ಜೀರ್ಣಕ್ರಿಯೆ, ಸ್ನಾಯುಗಳ ಕೆಲಸ ಮುಂತಾದವುಗಳಿಂದ ಹುಟ್ಟಿದ ಶಾಖ ಒಡಲಿನಿಂದ ಚರ್ಮಕ್ಕೆ, ಅಲ್ಲಿಂದ ಹೊರಕ್ಕೆ ಸಾಗುವ ಕ್ರಿಯೆ. ಮಾಂಸ, ಅದಕ್ಕಿಂತಲೂ ಕೊಬ್ಬು, ಮಂದ ಶಾಖವಾಹಕ. ಹೆಚ್ಚಿನ ಸಾಗಾಟ ರಕ್ತದ್ದೇ. ಸೆಕೆಯಲ್ಲಿ ಚರ್ಮದಡಿಯ ರಕ್ತನಾಳಗಳು ಹಿಗ್ಗುತ್ತವೆ, ಚಳಿಯಲ್ಲಿ ಕುಗ್ಗುತ್ತವೆ.

ಯಲ್ಲಾಪುರ ತಾಲೂಕಿನ ಮಾಗೋಡು ಸೀಮೆಯಲ್ಲಿ ಇದಕ್ಕೆ ಎಮ್ಮೆಗಿಂತ ಒಳ್ಳೆಯ ನಿದರ್ಶನ ಸಿಗದು. ತಾಲೂಕಿನ ಗೌಳಿಗರು ತಲೆಮಾರುಗಳಿಂದ ಕಾಡಂಚಿನಲ್ಲಿ ಮೇಯಿಸುತ್ತ ಬಂದ ಜಾನುವಾರು ಇದು. ಎಮ್ಮೆಯ ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ; ಮೈಗೂದಲು ವಿರಳ; ಬೆವರುಗ್ರಂಥಿಗಳು ಆಕಳಿಗಿಂತ ಬಹಳ ಕಡಿಮೆ. ಹಾಗಾಗಿ ಬೇಸಿಗೆಯ ಮಧ್ಯಾಹ್ನ ಹಳ್ಳದ ಹೊಂಡಕ್ಕಿಳಿಯುತ್ತದೆ. ಅದನ್ನು ಸೋಮಾರಿ ಎನ್ನುವುದು ಅನ್ಯಾಯವೇ ಸರಿ. ನೀರಿನ ಶಾಖವಾಹಕತೆ ಗಾಳಿಯದರ ಸುಮಾರು 25 ಪಟ್ಟು. ಸುಮಾರು 38 ಡಿಗ್ರಿ ಸೆಲ್ಸಿಯಸ್‌ನ ಒಡಲಿನ ಬಿಸಿ ಹಿಗ್ಗಿದ ನಾಳಗಳ ಮೂಲಕ ಬಂದು ನೀರು ಸೇರುತ್ತದೆ. ಮೇಲೆದ್ದು ಬಂದ ನಂತರವೂ ಮೈಗಂಟಿದ ಕೆಸರು ಆರುತ್ತ ತಂಪೆರೆಯುತ್ತದೆ: 1 ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೌಲ್ ಶಾಖ ಬೇಕು. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಈ ದಾರಿ ಕಟ್ಟುತ್ತದೆ.

ಎಮ್ಮೆಗೆ ವ್ಯತಿರಿಕ್ತವಾಗಿ, ಅಡಿಕೆ ತೋಟಗಳ ಹಾರುವ ಓತಿ ಶೀತರಕ್ತದ ಜೀವಿ. ಅದರಲ್ಲಿ ಶಾಖ ಮುಖ್ಯವಾಗಿ ಬಿಸಿಲಿನಿಂದ, ಕಾದ ಮರದ ತೊಗಟೆಯಿಂದ ಒಳಕ್ಕೆ ಬರುತ್ತದೆ.