ನೆಲಮಂಗಲ ಟೋಲ್ ದಾಟಿದರೆ ಸಿಗುವ ಇಪ್ಪತ್ತು ಅಂಕಿ

ವೀಕೆಂಡಿಗೆ ನೆಲಮಂಗಲ ಟೋಲ್ ದಾಟಿ ಹಾಸನದ ಕಡೆ ಹೊರಟವರು ಹಿರೀಸಾವೆ ಹತ್ತಿರ ಬಂದಾಗ ಒಮ್ಮೆಯಾದರೂ "ಶ್ರವಣಬೆಳಗೊಳಕ್ಕೆ ಹೋಗೋಣ್ವಾ?" ಅಂದಿರುತ್ತಾರೆ. ಹೋಗಿ, ಮೆಟ್ಟಿಲು ಹತ್ತಿ, ಬಾಹುಬಲಿಯ ಎದುರು ಫೋಟೋ ತೆಗೆದು, ಇಳಿದು ಎಳನೀರು ಕುಡಿದು ವಾಪಸ್. ನಾನೂ ಹಾಗೇ ಬಂದವನು. ಆ ಮೂರ್ತಿ ನಿಲ್ಲಿಸಿದ ಚಾವುಂಡರಾಯನಿಗಾಗಿ ಬರೆದ ಪುಸ್ತಕವೊಂದರಲ್ಲಿ ನನ್ನ ಲ್ಯಾಪ್‌ಟಾಪಿನ ಸಂಖ್ಯೆ ಕೂತಿದೆ ಅಂತ ಗೊತ್ತಾದದ್ದು ಎಷ್ಟೋ ಆಮೇಲೆ.

ಸಂಖ್ಯೆ ಇದು: 18446744073709551615. ಕೋಡ್ ಬರೆಯುವವರು ತಕ್ಷಣ ಗುರುತು ಹಿಡಿಯುತ್ತಾರೆ. 64 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ. 64 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವುದು. ಚದುರಂಗದ ಮನೆಗಳಲ್ಲಿ ಕಾಳು ಇಟ್ಟ ಕಥೆಯ ಕೊನೆಯಲ್ಲಿ ಬರುವುದೂ ಇದೇ.

ಪುಸ್ತಕದ ಹೆಸರು 'ಗೊಮ್ಮಟಸಾರ'. ಗೊಮ್ಮಟ ಅಂದರೆ ಚಾವುಂಡರಾಯನೇ. ಭಾಷೆ ಪ್ರಾಕೃತ, ಬರೆದವರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ, ಕಾಲ ಹತ್ತನೇ ಶತಮಾನ. ಅಲ್ಲಿ ಬಿಟ್ ಇಲ್ಲ, ಅಕ್ಷರ ಇದೆ. 27 ಸ್ವರ (ಒಂಬತ್ತು ಸ್ವರಕ್ಕೆ ಹ್ರಸ್ವ, ದೀರ್ಘ, ಪ್ಲುತ ಅಂತ ಮೂರು ರೂಪ), 33 ವ್ಯಂಜನ, 4 ಯೋಗವಾಹ, ಒಟ್ಟು 64 ಮೂಲಾಕ್ಷರ. ಒಂದೊಂದಾಗಿ, ಎರಡೆರಡಾಗಿ, ಹೀಗೆ ಅರವತ್ನಾಲ್ಕೂ ಒಟ್ಟಾಗುವವರೆಗೆ ಇವನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು? ಪ್ರತಿ ಅಕ್ಷರಕ್ಕೊಂದು ಎರಡನ್ನು ಇಡು, ಎಲ್ಲ ಗುಣಿಸು, ಒಂದು ಕಳೆ. ಅಕ್ಷರ ಇರುತ್ತೆ ಅಥವಾ ಇರಲ್ಲ, ಅದಕ್ಕೇ ಎರಡು. ಯಾವುದೂ ಇಲ್ಲದ ಒಂದು ಬಗೆ ಲೆಕ್ಕಕ್ಕಿಲ್ಲ, ಅದಕ್ಕೇ ಕಳೆಯುವುದು. ಉತ್ತರವನ್ನು ಪದ್ಯದಲ್ಲಿ ಒಂದೊಂದೇ ಅಂಕಿಯಾಗಿ ಹೇಳಿದ್ದಾರೆ. ಸೊನ್ನೆಗೆ ಅಲ್ಲಿ 'ಸುಣ್ಣ', ನಮ್ಮ ಸೊನ್ನೆಯ ಬಳಗದ್ದೇ.

"ನೋಡಿದ್ರಾ, ಕಂಪ್ಯೂಟರ್ ನಮ್ಮಲ್ಲೇ ಇತ್ತು" ಅಂತ ಫಾರ್ವರ್ಡ್ ಮಾಡುವ ಮುಂಚೆ ಸ್ವಲ್ಪ ತಡೀರಿ. ಕಂಪ್ಯೂಟರ್ ಇರಲಿಲ್ಲ. ನನಗೆ ಬೆರಗು ಹುಟ್ಟಿಸಿದ್ದು ಮುಂದಿನ ಭಾಗಾಕಾರ.

ಗ್ರಂಥ ಅಳೆಯಲು ಅವರಿಗೆ 'ಪದ' ಅನ್ನುವ ಒಂದು ಮಾನ ಇತ್ತು. ಒಂದು ಪದಕ್ಕೆ 1634 ಕೋಟಿ 83 ಲಕ್ಷ 7 ಸಾವಿರದ 888 ಅಕ್ಷರ. ಇದರಿಂದ ಆ ಇಪ್ಪತ್ತಂಕಿಯ ಸಂಖ್ಯೆಯನ್ನು ಭಾಗಿಸಿದರೆ 112 ಕೋಟಿ 83 ಲಕ್ಷ 58 ಸಾವಿರದ 5 ಪದ. ಶೇಷ 8 ಕೋಟಿ 1 ಲಕ್ಷ 8 ಸಾವಿರದ 175 ಅಕ್ಷರ. ಫೋನಿನ ಕ್ಯಾಲ್ಕುಲೇಟರ್ ಕೊನೆಯ ಅಂಕಿಗಳನ್ನು ನುಂಗಿಬಿಡುತ್ತೆ ಅಂತ ಕಾಗದದ ಮೇಲೇ ಗುಣಿಸಿ, ಶೇಷ ಕೂಡಿಸಿ ನೋಡಿದೆ. ಒಂದಂಕಿಯೂ ತಪ್ಪಿಲ್ಲ. ಶೇಷವನ್ನು ಎಸೆದೂ ಇಲ್ಲ. ಪೂರ್ಣ ಪದಗಳು ಹನ್ನೆರಡು ಅಂಗಗ್ರಂಥಗಳಿಗೆ, ಉಳಿದ ಅಕ್ಷರಗಳು 'ಅಂಗಬಾಹ್ಯ' ಅನ್ನುವ ಹೊರಗಿನ ಗ್ರಂಥಗಳಿಗೆ.

ಆದರೆ ಆ ಅಂಗಗಳು ಎಲ್ಲಿದ್ದವು? ದಿಗಂಬರ ಪರಂಪರೆಯ ಪ್ರಕಾರ ನೇಮಿಚಂದ್ರರಿಗಿಂತ ಶತಮಾನಗಳ ಹಿಂದೆಯೇ ಮುನಿಗಳ ನೆನಪಿನಿಂದ ಅಳಿದುಹೋಗಿದ್ದವು. ಉಳಿದ ಚೂರನ್ನು ಬರೆದಿಟ್ಟದ್ದು ಷಟ್ಖಂಡಾಗಮ. ಅದಕ್ಕೆ ವೀರಸೇನರು 816ರಲ್ಲಿ ಮುಗಿಸಿದ ವ್ಯಾಖ್ಯಾನ 'ಧವಲಾ'. ಆ ಸಾಲಿನ ಸಾರವೇ ಗೊಮ್ಮಟಸಾರ. ಅಂದರೆ ಇವರು ಕೊನೆಯ ಅಕ್ಷರದವರೆಗೂ ಎಣಿಸಿಟ್ಟದ್ದು ತಾವು ಕಣ್ಣಲ್ಲಿ ನೋಡಿಲ್ಲದ, ಆಗಲೇ ಕಳೆದುಹೋಗಿದ್ದ ಒಂದು ಗ್ರಂಥಭಂಡಾರವನ್ನು.

ಗೊಮ್ಮಟಸಾರಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡದಲ್ಲೇ ಟೀಕೆ ಬರೆದ. ಧವಲಾದ ಹಳೆಯ ತಾಳೆಗರಿಗಳು ಮೂಡಬಿದಿರೆಯ ಬಸದಿಯಲ್ಲಿ ಉಳಿದುಕೊಂಡಿದ್ದವು. ಅದರ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ.