ಒಂದು ಹೆಸರು, ಎರಡು ನುಡಿಗಳು: ಉಗೋಂಗ್ ಜನರ ವಿಚಾರ

ನೆರೆಯವರು ಇಟ್ಟ ಹೆಸರನ್ನೇ ಆಧಾರವಾಗಿ ಹಿಡಿದು ಒಂದು ಜನಾಂಗದ ಕುಲವನ್ನೂ ನುಡಿಯನ್ನೂ ನಿರ್ಣಯಿಸಿಬಿಡುವ ಪದ್ಧತಿ ವಿದ್ವಾಂಸರಲ್ಲಿಯೂ ಇಲ್ಲದಿಲ್ಲ. ಸಯಾಮು ದೇಶದ, ಎಂದರೆ ಈಗಿನ ಥಾಯ್ಲೆಂಡಿನ, ಪಶ್ಚಿಮ ಭಾಗದಲ್ಲಿರುವ ಉಗೋಂಗ್ ಎಂಬ ಅಲ್ಪಸಂಖ್ಯಾತ ಜನರ ವಿಷಯದಲ್ಲಿ ಈ ಪದ್ಧತಿಯ ಅಪಾಯವು ಸ್ಪಷ್ಟವಾಗಿ ಕಂಡುಬರುತ್ತದೆ.

ಥಾಯ್ ಜನರು ತಮಗಿಂತ ಮೊದಲೇ ಆ ನಾಡಿನಲ್ಲಿದ್ದ ಹಲವರನ್ನು 'ಲವಾ' ಎಂದೇ ಕರೆಯುತ್ತ ಬಂದರು. ಸಸ್ಯಸಂಗ್ರಹಕ್ಕಾಗಿ ಸಯಾಮಿನ ಕಾಡುಮೇಡುಗಳನ್ನೆಲ್ಲ ತಿರುಗಿದ ಐರಿಷ್ ವೈದ್ಯರಾದ ಎ. ಎಫ್. ಜಿ. ಕೆರ್ ಅವರು 1927ರಲ್ಲಿ ಸಯಾಮ್ ಸೊಸೈಟಿಯ ಪತ್ರಿಕೆಯಲ್ಲಿ ಎರಡು ಲವಾ ಶಬ್ದಪಟ್ಟಿಗಳನ್ನು ಅಚ್ಚುಮಾಡಿಸಿದರು. ಒಂದು ಉತ್ತರದ ಬೋಲುವಾಂಗ್ ಪ್ರಸ್ಥಭೂಮಿಯದು. ಮತ್ತೊಂದು ಕಾಂಚನಬುರಿ ಪ್ರಾಂತದ್ದು. ಹೆಸರು ಒಂದೇ, ನುಡಿಗಳಿಗೆ ಮಾತ್ರ ಯಾವ ನಂಟೂ ಇಲ್ಲ. ಮೊದಲನೆಯದು ಆಸ್ಟ್ರೋ-ಏಷಿಯಾಟಿಕ್ ವರ್ಗಕ್ಕೆ, ಎಂದರೆ ನಮ್ಮ ದೇಶದ ಮುಂಡಾ, ಖಾಸಿ ಭಾಷೆಗಳ ವರ್ಗಕ್ಕೆ, ಸೇರಿದುದು. ಎರಡನೆಯದು ಟಿಬೆಟೋ-ಬರ್ಮನ್ ವರ್ಗದ ಲೋಲೋ ಶಾಖೆಯದು, ಅದೇ ಉಗೋಂಗ್. ಶಬ್ದಸಂಗ್ರಹವು ಕೆರ್ ಅವರ ಮುಖ್ಯ ವೃತ್ತಿಯಾಗಿರಲಿಲ್ಲ. ಆದರೂ ಅವರು ಎರಡು ಪಟ್ಟಿಗಳನ್ನೂ ಬೆರಸದೆ ಬೇರೆಬೇರೆಯಾಗಿಯೇ ಇಟ್ಟುದು ಮಹೋಪಕಾರವಾಯಿತು. ಬೆರಸಿದ್ದರೆ ಪಶ್ಚಿಮದ ಈ ನುಡಿ ಹೆಸರಿನ ಅಡಿಯಲ್ಲಿಯೇ ಅಡಗಿಹೋಗುತ್ತಿತ್ತು.

ಲೋಲೋ ಶಾಖೆಯ ನೆಲೆ ಮುಖ್ಯವಾಗಿ ಚೀನದ ಯುನ್ನಾನ್ ಮತ್ತು ಸಿಚುವಾನ್ ಪ್ರಾಂತಗಳು. ಅದೇ ಶಾಖೆಯ ಲೀಸು, ಲಾಹು, ಆಖಾ ನುಡಿಗಳವರು ಥಾಯ್ಲೆಂಡಿನ ಉತ್ತರದ ಬೆಟ್ಟಗಳಲ್ಲಿದ್ದಾರೆ. ಉಗೋಂಗರಾದರೋ ಅವರೆಲ್ಲರಿಂದ ಬಹುದೂರ ದಕ್ಷಿಣದಲ್ಲಿ, ಖ್ವೇ ನೋಯಿ ಮತ್ತು ಖ್ವೇ ಯಾಯಿ ನದಿಗಳ ಕಣಿವೆಗಳಲ್ಲಿ ನೆಲಸಿದ್ದರು. ಅವರ ನುಡಿಯು ತನ್ನ ಶಾಖೆಯೊಳಗೂ ಬಹಳ ಭಿನ್ನವಾಗಿ ನಿಲ್ಲುತ್ತದೆ. ಇಂತಹ ಒಂಟಿ ನುಡಿಯು ಶಾಖೆಯ ಪೂರ್ವಸ್ಥಿತಿಯನ್ನು ಊಹಿಸುವವರಿಗೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು, ಹಳಗನ್ನಡದ ಒಂದೊಂದು ರೂಪಕ್ಕಾಗಿ ತುಳು, ತೋಡ ನುಡಿಗಳ ಕಡೆಗೆ ನೋಡುವ ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಆ ನೆಲೆಯೇ ಉಳಿಯಲಿಲ್ಲ. ಖ್ವೇ ಯಾಯಿ ನದಿಗೆ ಕಟ್ಟಿದ ಶ್ರೀನಗರಿಂದ್ರ ಅಣೆಕಟ್ಟು 1980ರಲ್ಲಿಯೂ, ಖ್ವೇ ನೋಯಿಯ ಖಾವೋ ಲೇಮ್ ಅಣೆಕಟ್ಟು 1984ರಲ್ಲಿಯೂ ಪೂರ್ಣವಾದುವು. ವಿದ್ಯುಚ್ಛಕ್ತಿಗಾಗಿ ನಿಲ್ಲಿಸಿದ ನೀರಿನಲ್ಲಿ ಉಗೋಂಗರ ಎರಡು ಗ್ರಾಮಗಳು ಮುಳುಗಿದುವು. ಜನರು ಚದರಿದರು, ಅವರ ನಡುವೆ ನುಡಿಯೂ ನಿಂತಿತು. ಆದರೆ ಅಣೆಕಟ್ಟನ್ನು ಮಾತ್ರವೇ ದೂರುವುದು ನ್ಯಾಯವಲ್ಲ. ಡೇವಿಡ್ ಬ್ರಾಡ್ಲಿಯವರು 1989ರಲ್ಲಿ ಪ್ರಕಟಿಸಿದ ಲೇಖನವು ಈ ನುಡಿಯ ಕಣ್ಮರೆಯನ್ನೇ ವಿಷಯವಾಗಿ ಉಳ್ಳದ್ದು. ಊರಿಗೆ ಬಂದು ನೆಲಸಿದ ಥಾಯ್ ಮತ್ತು ಲಾವೋ ಜನರೊಡನೆ ವಿವಾಹಸಂಬಂಧ ಬೆಳೆದಂತೆ, ಶಾಲೆಯ ಮಾತು ಥಾಯ್ ಆದಂತೆ, ತಾಯಿಯ ನುಡಿ ಮಕ್ಕಳಿಗೆ ಇಳಿಯದೆ ಹೋಯಿತು. ಮುಳುಗದೆ ಉಳಿದ ಊರುಗಳಲ್ಲಿಯೂ ಆದುದು ಇದೇ.

ಈಚಿನ ಶೋಧಕರು ಈ ನುಡಿಯನ್ನು ಕಂಡುದು ಎರಡು ಗ್ರಾಮಗಳಲ್ಲಿ: ಸುಫನ್‌ಬುರಿ ಪ್ರಾಂತದ ಕೋಕ್ ಚಿಯಾಂಗ್, ಉಥೈಥಾನಿ ಪ್ರಾಂತದ ಖೋಕ್ ಖ್ವಾಯ್. ಸುಮಾರು 2000ದ ಅಂದಾಜಿನಂತೆ ಆಡುವವರು 80 ಮಂದಿ. ಮುಳುಗಿದ ಕಣಿವೆಗಳಿದ್ದ ಕಾಂಚನಬುರಿಯಲ್ಲಿ ಈ ನುಡಿ ಹೇಗಿತ್ತೆಂದು ತಿಳಿಯಬಯಸುವವನು ಇಂದಿಗೂ ಕೆರ್ ಅವರ ಎರಡನೆಯ ಪಟ್ಟಿಯನ್ನೇ ಮೊದಲು ತೆರೆಯಬೇಕು. ಅದರ ತಲೆಯ ಮೇಲೆ 'ಲವಾ' ಎಂಬ ಹೆಸರೇ ಇದೆ.